ಕಾದಂಬರಿಗೆ ಬಿದ್ದ ಷರಾ

"ಈ ವರ್ಷ ನಾನೂರು ಪುಟದ ಕಾದಂಬರಿ! ದಿನಕ್ಕೊಂದು ಪುಟ ಅಂದ್ರೂ ಮುನ್ನೂರ ಅರವತ್ತೈದು ಆಯ್ತು. ಮಿಕ್ಕದ್ದು ಮುನ್ನುಡಿ!"

೧೯೫೩ರ ಜನವರಿ ಒಂದನೇ ತಾರೀಕು, ಮಡಿಕೇರಿಯ ಕೊರೆಯುವ ಚಳಿಯಲ್ಲಿ, ಕಂಬಳಿ ಹೊದ್ದು ನಿಂತು ಹರಿಹರ ಮೇಷ್ಟ್ರು ಮಾಡಿದ ಘೋಷಣೆ ಇದು. ಕೇಳಿಸಿಕೊಂಡವಳು ಅವರ ಹೆಂಡತಿ ಕಾತ್ಯಾಯನಿ ಒಬ್ಬಳೇ. ಆಕೆಯೂ ಒಲೆ ಊದುತ್ತಿದ್ದಳು.

"ಹೋದ ವರ್ಷಾನೂ ಹೀಗೇ ಅಂದಿದ್ರಿ."

"ಹೋದ ವರ್ಷ ಶಿಸ್ತಿರಲಿಲ್ಲ ಕಣೇ! ಇನ್ಮೇಲೆ ಬೆಳಗ್ಗೆ ಐದರಿಂದ ಏಳರವರೆಗೆ ನಾನು ಬರೀತೀನಿ. ಆ ಎರಡು ಗಂಟೆ ಮನೆಗೆ ಬೆಂಕಿ ಬಿದ್ರೂ ನನ್ನ ಮಾತಾಡಿಸ್ಬಾರ್ದು!"

"ಆಗ್ಲಿ. ಬೆಂಕಿ ಬಿದ್ರೆ ನಾನೊಬ್ಳೇ ಆಚೆ ಹೋಗ್ತೀನಿ."

ಮೇಷ್ಟ್ರು ಮಾತಿಗೆ ತಪ್ಪಲಿಲ್ಲ. ದಿನಾ ಐದಕ್ಕೆ ಎದ್ದು, ಲಾಟೀನು ಹಚ್ಚಿ, ಶಾಲೆಯಿಂದ ತಂದ ಖಾಲಿ ಪುಸ್ತಕದಲ್ಲಿ ಪುಟದ ತಲೆಯ ಮೇಲೆ ತಾರೀಕು ಹಾಕಿ ಕೂತೇಬಿಡುತ್ತಿದ್ದರು. "ಎಲ್ಲೀವರೆಗೆ ಬಂತು?" ಎಂದು ಹೆಂಡತಿ ಕೇಳಿದರೆ, "ಅಡಿಪಾಯ ಭದ್ರವಾಗಿ ಬೀಳ್ತಾ ಇದೆ!" ಎಂದು ಗತ್ತಿನಿಂದ ಉತ್ತರಿಸುತ್ತಿದ್ದರು.

ಆದರೆ ಸಾಹಿತ್ಯ ಸರಸ್ವತಿ ಒಳಗೆ ಬಂದಾಗ ಸಂಬಳದ ಲಕ್ಷ್ಮಿ ಹೊರಗೆ ನಿಂತಳು! ಮೇಷ್ಟ್ರು ಎರಡನೇ ಕ್ಲಾಸಿನ ಕನ್ನಡ ಶಿಕ್ಷಕರು. ನಾಲ್ಕು ವರ್ಷವಾದರೂ ನೌಕರಿ ಇನ್ನೂ ತಾತ್ಕಾಲಿಕ. ಈ ಸಲ ತಪಾಸಣೆಗೆ ಬರುವ ಇನ್ಸ್‌ಪೆಕ್ಟರರು ಒಳ್ಳೆಯ ಷರಾ ಬರೆದರೆ ಖಾಯಂ. ಕೆಟ್ಟದ್ದು ಬರೆದರೆ ಗಂಟುಮೂಟೆ ಕಟ್ಟಬೇಕು. ಅವರು ಮೊದಲು ನೋಡುವುದೇ ಪಾಠದ ಟಿಪ್ಪಣಿ ಪುಸ್ತಕ. ಯಾವ ದಿನ ಯಾವ ಪಾಠ ಮಾಡಿದೆ ಎಂದು ಶಿಕ್ಷಕರು ದಿನವೂ ಅದರಲ್ಲಿ ಬರೆದಿಡಬೇಕು. ಮೇಷ್ಟ್ರು ಹೊಸ ವರ್ಷದಲ್ಲಿ ಅದರಲ್ಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ. 'ಇನ್ಸ್‌ಪೆಕ್ಟರು ಬರೋದು ಇಪ್ಪತ್ತಕ್ಕೆ. ಹದಿನೆಂಟನೇ ತಾರೀಕು ಭಾನುವಾರ. ಎಲ್ಲಾ ಒಟ್ಟಿಗೆ ಗೀಚಿದರಾಯಿತು' ಎಂಬ ಧೈರ್ಯ.

ಹದಿಮೂರನೇ ತಾರೀಕು ಮೇಷ್ಟ್ರು ಎಂದಿನಂತೆ ತಾರೀಕು ಹಾಕಿ, ಸ್ಫೂರ್ತಿಗಾಗಿ ಕಣ್ಣು ಮುಚ್ಚಿದರು. ಸ್ಫೂರ್ತಿ ಬರಲಿಲ್ಲ, ನಿದ್ದೆ ಬಂತು. ಆರೂವರೆಗೆ ಬಾಗಿಲಲ್ಲಿ ಶಾಲೆಯ ಜವಾನ ಮಾಯಿಲಪ್ಪ ಏದುಸಿರು ಬಿಡುತ್ತ ನಿಂತಿದ್ದ.

"ಅಮ್ಮಾ, ಇನ್ಸ್‌ಪೆಕ್ಟ್ರು ನಿನ್ನೆ ಸಂಜೆ ಬಸ್ಸಿಗೇ ಬಂದ್ಬಿಟ್ಟವ್ರೆ! ಮೇಷ್ಟ್ರ ಟಿಪ್ಪಣಿ ಪುಸ್ತಕ ಈಗ್ಲೇ ಕೊಡ್ಬೇಕಂತೆ!"

ಕಾತ್ಯಾಯನಿ ಒಳಗೆ ಇಣುಕಿದಳು. ಗಂಟೆ ಇನ್ನೂ ಏಳಾಗಿಲ್ಲ. ಮಾತಾಡಿಸುವಂತಿಲ್ಲ! ಮೇಷ್ಟ್ರ ಕೆನ್ನೆಯ ಕೆಳಗೆ ಒಂದು ಪುಸ್ತಕವಿತ್ತು. ಶಾಲೆಯದೇ ಪುಸ್ತಕ, ಮೇಲೆ ಶಾಲೆಯ ಚೀಟಿ, ತೆರೆದ ಪುಟದಲ್ಲಿ ಇವತ್ತಿನ ತಾರೀಕು. ಇನ್ನೇನು ಬೇಕು? ಮೆಲ್ಲಗೆ ಎಳೆದು ಮಾಯಿಲಪ್ಪನ ಕೈಗಿಟ್ಟಳು.

ಏಳಕ್ಕೆ ಸರಿಯಾಗಿ ಮೇಷ್ಟ್ರಿಗೆ ಎಚ್ಚರವಾಯಿತು.

"ನನ್ನ ಪುಸ್ತಕ ಎಲ್ಲೇ?"

"ಮಾಯಿಲಪ್ಪ ತಗೊಂಡ್ಹೋದ. ಇನ್ಸ್‌ಪೆಕ್ಟ್ರು ಬಂದಿದಾರಂತೆ."

"ಅಯ್ಯೋ ಶಿವನೇ! ಅದು ಕಾದಂಬರಿ ಕಣೇ! ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಹೇಗೆ ಕೇಳ್ಲಿ? ಬೆಂಕಿ ಬಿದ್ರೂ ಮಾತಾಡಿಸ್ಬೇಡ ಅಂದೋರು ಯಾರು? ಹೋಗ್ಲಿ, ಇಗೋ ಟಿಪ್ಪಣಿ ಪುಸ್ತಕ. ಓಡಿಹೋಗಿ ಬದಲಾಯಿಸ್ಕೊಳ್ಳಿ."

"ಅದ್ರಲ್ಲಿ ಜನವರೀನೇ ಇಲ್ಲ!"

ಕಾತ್ಯಾಯನಿಯ ನಗು ಇಂಗಿಹೋಯಿತು. "ರೀ... ಹಾಗಾದ್ರೆ ಕೆಲಸ?" ಎಂದಳು.

ಪಂಚೆ ಎತ್ತಿಕಟ್ಟಿ, ಮಫ್ಲರು ಸುತ್ತಿ ಮೇಷ್ಟ್ರು ಓಡಿದರೂ ಓಡಿದರು! ಮಡಿಕೇರಿಯ ಇಳಿಜಾರಿನಲ್ಲಿ ಒಂದು ಚಪ್ಪಲಿ ಇವರಿಗಿಂತ ಮುಂಚೆ ಕೆಳಗೆ ಹೋಯಿತು. ಶಾಲೆ ಮುಟ್ಟುವ ಹೊತ್ತಿಗೆ ಹೆಡ್‌ಮಾಸ್ಟರರ ಕುರ್ಚಿಯಲ್ಲಿ ಇನ್ಸ್‌ಪೆಕ್ಟರರು ಕೂತಿದ್ದರು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಕೆಂಪು ಶಾಯಿಯ ಪೆನ್ನು, ಎದುರಿಗೆ ಮೇಷ್ಟ್ರ ಪುಸ್ತಕ!

"ಸಾರ್... ಒಂದು ಅಚಾತುರ್ಯ..."

"ಮಾತಾಡ್ಬೇಡಿ. ನಾನು ಬರೀತಾ ಇದೀನಿ."

ಬರೆದು, ರುಜು ಹಾಕಿ, ಮೊಹರು ಒತ್ತಿ ಪುಸ್ತಕ ಕೈಗೆ ಕೊಟ್ಟರು. ಮೇಷ್ಟ್ರಿಗೆ ಅದನ್ನು ತೆರೆಯುವ ಧೈರ್ಯವಿಲ್ಲ. ಹೊರಗೆ ಬಂದರೆ ಗೇಟಿನ ಬಳಿ ಕಾತ್ಯಾಯನಿ, ಕೈಯಲ್ಲಿ ಓಡಿಹೋಗಿದ್ದ ಚಪ್ಪಲಿ.

"ನೀನೇ ಓದು," ಎಂದು ಪುಸ್ತಕ ಕೊಟ್ಟು ಮೇಷ್ಟ್ರು ಕಣ್ಣು ಮುಚ್ಚಿದರು.

"ರೀ! 'ಇವರನ್ನು ಖಾಯಂ ಮಾಡಲು ಶಿಫಾರಸು ಮಾಡಲಾಗಿದೆ' ಅಂತ ಬರ್ದಿದಾರೆ!"

ಮೇಷ್ಟ್ರು ಅಲ್ಲೇ ಮೋಟುಗೋಡೆಯ ಮೇಲೆ ಕುಸಿದರು. ಅಬ್ಬಾ, ಬದುಕಿದೆ! ಕಣ್ಣಲ್ಲಿ ನೀರೇ ಬಂತು. ಕಾತ್ಯಾಯನಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ನಿಮಿಷ ಹೀಗೇ ಕಳೆಯಿತು. ಮೂರನೇ ನಿಮಿಷಕ್ಕೆ ಮೇಷ್ಟ್ರ ಎದೆ ಉಬ್ಬತೊಡಗಿತು.

"ನೋಡಿದ್ಯಾ? ಕಾದಂಬರಿ ಓದಿಯೇ ಖಾಯಂ ಮಾಡಿದಾರೆ! ರಸಿಕರು! ನನ್ನ ಶೈಲಿ ಬಗ್ಗೆ ಏನಾದ್ರೂ ಬರ್ದಿರ್ಬೇಕು, ಮೇಲಿಂದ ಪೂರ್ತಿ ಓದು."

ಕಾತ್ಯಾಯನಿ ಗಂಟಲು ಸರಿಮಾಡಿಕೊಂಡು ಓದಿದಳು:

"'ಮಡಿಕೇರಿಯ ಮೇಲೆ ಮಂಜು ಕವಿದಿತ್ತು' ಎಂಬ ಒಂದೇ ವಾಕ್ಯವನ್ನು, ಭಾನುವಾರವೂ ಬಿಡದೆ, ಸತತ ಹನ್ನೆರಡು ದಿನ ಮಕ್ಕಳಿಗೆ ತಿದ್ದಿಸಿದ ಶಿಕ್ಷಕರ ತಾಳ್ಮೆ ಶ್ಲಾಘನೀಯ. ನಾಳೆಯಿಂದಾದರೂ ಎರಡನೇ ವಾಕ್ಯಕ್ಕೆ ಹೋಗತಕ್ಕದ್ದು."