ನಾಲ್ಕನೆಯ ನಿಯಮವೂ ಒಂಬತ್ತು ನ್ಯಾಯಮೂರ್ತಿಗಳೂ

ಅಕ್ಷರ ಕಲಿಸಿದ ಗುರುಗಳಿಗೆ, ಅನ್ನವಿಟ್ಟ ತಾಯಿಗೆ, ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ಕಣ್ಣಿನ ಬೆಳಕನ್ನು ಉಳಿಸಿರುವ ಭಗವಂತನಿಗೆ, ಚಳಿಗಾಲದಲ್ಲಿಯೂ ತುಳಸಿಯ ಕುಂಡವನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಬದುಕಿಸಿಕೊಂಡು ಬಂದಿರುವ ಧರ್ಮಪತ್ನಿ ಜಾನಕಿಗೆ, ನಮ್ಮಂಥ ಹಳಬರಿಗೂ ಒಂದು ಮೂಲೆ ಕೊಟ್ಟಿರುವ ಈ ಅಡಿಲೇಡಿನ ಮಣ್ಣಿಗೆ ಮೊದಲು ನನ್ನ ಕೃತಜ್ಞತೆಯ ನಮಸ್ಕಾರಗಳು. ಸಿಟ್ಟಿನಲ್ಲಿ ಬರೆಯಲು ಕುಳಿತವನು ನಮಸ್ಕಾರದಿಂದಲೇ ಆರಂಭಿಸಬೇಕೆಂದು ನನ್ನ ಗುರುಗಳು ಹೇಳುತ್ತಿದ್ದರು. ಮುಗಿದಿರುವಷ್ಟು ಹೊತ್ತು ಕೈ ಬೇರೆ ಕೆಲಸಕ್ಕೆ ಹೋಗುವುದಿಲ್ಲವಂತೆ. ಈ ಸ್ತುತಿಯನ್ನು ಪ್ರಬಂಧದ ಉದ್ದಕ್ಕೆ ಸೇರಿಸಿ ಎಣಿಸಬಾರದೆಂದು ಓದುಗರಲ್ಲಿ ವಿನಂತಿ.

ನನ್ನ ಸಿಟ್ಟು ಅಮೆರಿಕ ದೇಶದ ಸರ್ವೋಚ್ಚ ನ್ಯಾಯಾಲಯದ ಮೇಲೆ. ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ಒಂದು ಮನೆಯ ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತ ಕುಳಿತ ಮುದುಕನಿಗೆ ಆ ನ್ಯಾಯಾಲಯ ಮಾಡಿದ ಅಪಕಾರವೇನೆಂದು ನೀವು ಕೇಳಬಹುದು. ಜಾನಕಿಯೂ ಕೇಳಿದಳು. ಮನುಷ್ಯನಿಗೆ ಸಿಟ್ಟು ಬರಲು ಅಪಕಾರವೇ ಆಗಬೇಕೆಂದಿಲ್ಲ. ತನಗೆ ಗೊತ್ತಿರುವ ವಿದ್ಯೆಯನ್ನು ದೂರದಲ್ಲೆಲ್ಲೋ ಯಾರೋ ಕೆಡಿಸುತ್ತಿದ್ದಾರೆಂದು ತಿಳಿದರೂ ಸಾಕು. ನಾನು ಮೈಸೂರಿನ ಒಂದು ಪಾಠಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಮೀಮಾಂಸಾಶಾಸ್ತ್ರವನ್ನು ಬೋಧಿಸಿದವನು. ಒಂದು ವಾಕ್ಯಕ್ಕೆ ಅರ್ಥವನ್ನು ಹೇಗೆ ನಿರ್ಣಯಿಸಬೇಕೆಂಬುದೇ ಆ ಶಾಸ್ತ್ರದ ಜೀವ. ಮಾತು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು, ಯಾವುದನ್ನು ಮತ್ತೆ ಮತ್ತೆ ಹೇಳಿತು, ಯಾವ ಫಲವನ್ನು ಬಯಸಿತು ಎಂಬುದನ್ನು ನೋಡಬೇಕೇ ಹೊರತು, ಓದುವವನ ಮನಸ್ಸು ಏನನ್ನು ಬಯಸುತ್ತಿದೆ ಎಂಬುದನ್ನಲ್ಲ.

ಈ ಸಿಟ್ಟನ್ನು ಮನೆಗೆ ತಂದವಳು ಮೊಮ್ಮಗಳು ಅದಿತಿ. ಇಲ್ಲಿಯೇ ಹುಟ್ಟಿದವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಾಳೆ. ನಾನು ಕನ್ನಡದಲ್ಲಿ ಮಾತನಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಜಗಳ ಕಾವೇರಿದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ. ಆದ್ದರಿಂದ ಅವಳ ಭಾಷೆ ಸುಧಾರಿಸಲೆಂದು ನಾನು ಆಗಾಗ ಜಗಳವಾಡುತ್ತೇನೆ. ರಾಜಕೀಯವೂ ರಾಜಕೀಯ ತತ್ತ್ವಚಿಂತನೆಯೂ ಅಮೆರಿಕದ ಸಂವಿಧಾನದ ಕಾನೂನನ್ನು ಹೇಗೆ ರೂಪಿಸುತ್ತವೆ ಎಂಬ ವಿಷಯದ ಮೇಲೆ ಅವಳು ದೀರ್ಘವಾದ ಪ್ರಬಂಧವೊಂದನ್ನು ಬರೆಯಬೇಕಿತ್ತು. ಈ ದೇಶಕ್ಕೇ ಒಂದು ಸಂವಿಧಾನವಿರುವಾಗ ಪರದೇಶದ್ದರ ಚಿಂತೆ ಯಾಕೆ ಎಂದು ಕೇಳಿದೆ. ಇಲ್ಲಿಯ ಅತ್ಯುಚ್ಚ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿಯ ಹೆಸರು ಹೇಳಿ ನೋಡೋಣ ಎಂದಳು. ನನಗೆ ತಿಳಿಯದು, ಅವಳಪ್ಪನಿಗೂ ತಿಳಿಯದು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಪಕ್ಕದ ಮನೆಯ ಮುದುಕನನ್ನು ಬೇಲಿಯಾಚೆಯಿಂದ ಕೇಳಿದೆವು. ಆತ ಬಹಳ ಯೋಚಿಸಿ ಕ್ರಿಕೆಟ್ ತಂಡದ ಹನ್ನೊಂದು ಜನರ ಹೆಸರು ಹೇಳಿದ. ಅಮೆರಿಕದಲ್ಲಿಯಾದರೋ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಹೆಸರೂ ಮನೆಮಾತಂತೆ. ಅದು ಯಾಕೆ ಹಾಗೆ ಎಂಬುದೇ ಅವಳ ಪ್ರಬಂಧ.

ಅವಳು ವಿವರಿಸುತ್ತ ಹೋದಂತೆ ನನ್ನ ಕಾಫಿ ತಣ್ಣಗಾಯಿತು. ಅಲ್ಲಿ ನ್ಯಾಯಮೂರ್ತಿಗಳನ್ನು ರಾಷ್ಟ್ರಾಧ್ಯಕ್ಷ ಆರಿಸುತ್ತಾನೆ, ಸೆನೆಟ್ ಎಂಬ ಅಲ್ಲಿಯ ಮೇಲ್ಮನೆ ಒಪ್ಪಬೇಕು, ಒಪ್ಪಿದರೆ ಜೀವಮಾನವಿಡೀ ಪೀಠ. ವಾದ ಆರಂಭವಾಗುವ ಮೊದಲೇ ಯಾರು ಯಾವ ಕಡೆ ವಾಲುತ್ತಾರೆಂದು ಪತ್ರಿಕೆಗಳು ಬರೆಯುತ್ತವೆ. ದೊಡ್ಡ ಮೊಕದ್ದಮೆಗಳಲ್ಲಿ ಎಷ್ಟೋ ಸಲ ಹಾಗೆಯೇ ಆಗುತ್ತದೆ. ಒಂದು ಪಂಗಡದವರು, ಬರೆದ ಕಾಲದ ಜನ ಆ ಮಾತಿಗೆ ಯಾವ ಅರ್ಥ ಹೇಳುತ್ತಿದ್ದರೋ ಅದೇ ಇಂದಿಗೂ ಅರ್ಥ ಎನ್ನುತ್ತಾರೆ. ಇನ್ನೊಂದು ಪಂಗಡದವರು, ಸಂವಿಧಾನಕ್ಕೆ ಜೀವವಿದೆ, ಅದು ಕಾಲದೊಡನೆ ಬೆಳೆಯುತ್ತದೆ ಎನ್ನುತ್ತಾರೆ. ಇಲ್ಲಿಯವರೆಗೆ ನನಗೆ ಸಿಟ್ಟಿಲ್ಲ. ಶಾಸ್ತ್ರವೆಂದ ಮೇಲೆ ಮತಭೇದ ಸಹಜ. ಸಿಟ್ಟು ಬಂದದ್ದು ಮುಂದಿನದಕ್ಕೆ. ಸ್ವಾತಂತ್ರ್ಯ ಎಂಬ ಮಾತು ಆ ಸಂವಿಧಾನದಲ್ಲಿದೆ. ನೂರು ವರ್ಷಕ್ಕೂ ಹಿಂದೆ ಒಂದು ರಾಜ್ಯ, ಬೇಕರಿಯ ಕೆಲಸಗಾರರನ್ನು ಇಂತಿಷ್ಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಾನೂನು ಮಾಡಿತಂತೆ. ನ್ಯಾಯಾಲಯ ಅದನ್ನು ಸ್ವಾತಂತ್ರ್ಯದ ಹೆಸರಿನಲ್ಲಿಯೇ ಹೊಡೆದುಹಾಕಿತಂತೆ. ಒಲೆಯ ಮುಂದೆ ಹಗಲಿಡೀ ಬೇಯುವುದು ಬಡವನ ಸ್ವಾತಂತ್ರ್ಯವಂತೆ. ಮಾಲೀಕರ ತಂಟೆಗೆ ಸರ್ಕಾರ ಹೋಗಬಾರದೆಂಬ ಅಂದಿನ ಅರ್ಥಶಾಸ್ತ್ರವನ್ನು ಸಂವಿಧಾನದ ಬಾಯಿಗೆ ತುರುಕಿ, ಅದರ ಮಾತೆಂದೇ ಕೇಳಿಸಿದರು. ಕಾನೂನಿನ ಸಮಾನ ರಕ್ಷಣೆ ಎಂಬುದು ಇನ್ನೊಂದು ಮಾತು. ಅದನ್ನು ಓದಿಯೇ, ಕಪ್ಪು ಜನರಿಗೆ ಬೇರೆ ರೈಲುಡಬ್ಬಿ ಇಟ್ಟರೂ ಸಮಾನತೆಗೆ ಭಂಗವಿಲ್ಲವೆಂದರು. ಸುಮಾರು ಅರವತ್ತು ವರ್ಷಗಳಾದ ಮೇಲೆ, ಒಂದಕ್ಷರವೂ ಬದಲಾಗದ ಅದೇ ವಾಕ್ಯವನ್ನು ಓದಿ, ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದರು. ಎರಡನೆಯದು ಧರ್ಮ, ಮೊದಲನೆಯದು ಅಧರ್ಮ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಅರವತ್ತು ವರ್ಷ ಆ ವಾಕ್ಯ ಎಲ್ಲಿಗೆ ಹೋಗಿತ್ತು?

ಇವರಿಗೆ ಮೊದಲು ತೀರ್ಪು ಹೊಳೆಯುತ್ತದೆ, ತತ್ತ್ವವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ ಎಂದು ನಾನು ಗುಡುಗಿದೆ. ನಮ್ಮಲ್ಲಿ ವೇದಕ್ಕೆ ಕರ್ತೃವೇ ಇಲ್ಲ. ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವ ದಾರಿಯೇ ಇಲ್ಲದ್ದರಿಂದ ವಾಕ್ಯವನ್ನೇ ಕೇಳಬೇಕಾಯಿತು, ಅದರಿಂದಲೇ ನಮ್ಮವರಿಗೆ ಶಿಸ್ತು ಬಂತು. ಆ ಒಂಬತ್ತು ಜನರನ್ನೂ ಎರಡು ವರ್ಷ ನನ್ನ ಪಾಠಶಾಲೆಯಲ್ಲಿ ಚಾಪೆಯ ಮೇಲೆ ಕೂರಿಸಬೇಕು ಎಂದೂ ಹೇಳಿದೆ. ಅದಿತಿ ಇದನ್ನೆಲ್ಲ ಟೈಪು ಮಾಡಿಕೊಂಡಳು. ನನಗೆ ಹಿಗ್ಗಾಯಿತು.

ಇಷ್ಟು ಅಧಿಕಾರದಿಂದ ಮಾತನಾಡಲು ನನಗೆ ಇನ್ನೊಂದು ಕಾರಣವೂ ಇತ್ತು: ನಾನೂ ಒಂದು ಸಂವಿಧಾನವನ್ನು ಬರೆದವನು. ಇಲ್ಲಿಯ ಕನ್ನಡದ ಹಿರಿಯರು ಮೂವತ್ತು ಮಂದಿ ಪ್ರತಿ ಶನಿವಾರ ಬೆಳಿಗ್ಗೆ ಒಂದು ಸಮುದಾಯ ಭವನದಲ್ಲಿ ಸತ್ಸಂಗಕ್ಕೆ ಸೇರುತ್ತೇವೆ. ಭಜನೆ, ನನ್ನ ಉಪನ್ಯಾಸ, ನೈವೇದ್ಯ, ಕಾಫಿ. ಅದರ ಹನ್ನೆರಡು ನಿಯಮಗಳನ್ನು ನಾನೇ ರಚಿಸಿದೆ. ಬ್ರಿಸ್ಬೇನಿನ ಸತ್ಸಂಗದವರೂ ಅದರ ಪ್ರತಿ ತರಿಸಿಕೊಂಡು ಅನುಸರಿಸುತ್ತಿದ್ದಾರೆ. ನಾಲ್ಕನೆಯ ನಿಯಮವನ್ನು ಮಾತ್ರ ಕೈಬಿಟ್ಟಿದ್ದಾರೆ. ನೈವೇದ್ಯದ ಪದಾರ್ಥವನ್ನು ತರುವವರು ತಮ್ಮ ಮನೆಯಲ್ಲಿ ತಮ್ಮ ಕೈಯಾರೆ ಮಾಡಿರತಕ್ಕದ್ದು ಎಂಬುದು ಆ ನಾಲ್ಕನೆಯ ನಿಯಮ. ಉಪನ್ಯಾಸ ಇಪ್ಪತ್ತು ನಿಮಿಷ ಮೀರತಕ್ಕದ್ದಲ್ಲ ಎಂಬುದು ಏಳನೆಯದು. ಆರಂಭದ ಸ್ತುತಿ ಈ ಲೆಕ್ಕಕ್ಕೆ ಸೇರದೆಂದು ನಾನೇ ವ್ಯಾಖ್ಯಾನಿಸಿದ್ದೇನೆ. ಸಂದೇಹ ಬಂದಲ್ಲಿ ನನ್ನ ನಿರ್ಣಯವೇ ಅಂತಿಮ ಎಂಬುದು ಹನ್ನೆರಡನೆಯದು. ಈ ದೇಶದಲ್ಲಿ ನ್ಯಾಯಮೂರ್ತಿಗಳನ್ನು ಎಪ್ಪತ್ತು ತುಂಬಿದೊಡನೆ ಮನೆಗೆ ಕಳಿಸುತ್ತಾರೆಂದು ಅದಿತಿ ಹೇಳಿದಾಗ ನಾನು ಮಾತು ಬದಲಿಸಿದೆ.

ಸತ್ಸಂಗದ ಕೊನೆಯ ಸಾಲಿನಲ್ಲಿ ಕೂರುವವರು ಶ್ರೀಪತಿರಾಯರು. ಪರ್ತ್ ನಗರದ ಒಂದು ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾಗಿ ಆಯುಷ್ಯವೆಲ್ಲ ಕಲ್ಲು ಪರೀಕ್ಷಿಸಿದವರು. ಹೆಂಡತಿ ಕಮಲಮ್ಮ ತೀರಿಕೊಂಡ ಮೇಲೆ ಮಗಳ ಹತ್ತಿರವಿರಲೆಂದು ಇಲ್ಲಿಗೆ ಬಂದು ಗ್ಲೆನೆಲ್ಗಿನ ಸಮುದ್ರದ ಬಳಿ ಫ್ಲಾಟಿನಲ್ಲಿದ್ದಾರೆ. ಟ್ರಾಮು ಹಿಡಿದು, ಬಸ್ಸು ಹಿಡಿದು, ಒಂದು ವಾರವೂ ತಪ್ಪಿಸದೆ ಬರುತ್ತಿದ್ದರು. ಕಮಲಮ್ಮ ತೀರಿ ವರ್ಷ ತುಂಬಿದ ಮೇಲಿನ ಮೊದಲ ಶನಿವಾರ, ಆಕೆಯ ಹೆಸರಿನಲ್ಲಿ ದೇವರ ಮುಂದಿಡಲೆಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತಂದರು. ಮನೆಯಲ್ಲಿ ಮಾಡಿದ್ದೋ ಎಂದು ಕೇಳಿದೆ. ಪ್ರಾಸ್ಪೆಕ್ಟ್ ರಸ್ತೆಯ ಅಂಗಡಿಯದು ಎಂದರು, ಸುಳ್ಳು ಹೇಳದೆ. ನಾನು ಮೂವತ್ತು ಜನರ ಮುಂದೆ ನಾಲ್ಕನೆಯ ನಿಯಮವನ್ನು ಸ್ಪಷ್ಟವಾದ ಉಚ್ಚಾರಣೆಯಲ್ಲಿ ಓದಿ ಹೇಳಿದೆ. ಸರಿ ಎಂದು ಡಬ್ಬಿಯನ್ನು ವಾಪಸು ತೆಗೆದುಕೊಂಡರು. ಭಜನೆ ಮುಗಿಯುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದು, ಬೇರೆಯವರು ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದರು. ಆಮೇಲೆ ಮೂರು ಶನಿವಾರ ಅವರು ಬರಲಿಲ್ಲ. ನಿಯಮವೆಂದರೆ ನಿಯಮ ಎಂದು ನಾನು ಜಾನಕಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಭಿನ್ನಮತದ ತೀರ್ಪು ಬರುವುದು ಆ ರೂಪದಲ್ಲಿಯೇ.

ಆ ಮೂರನೆಯ ಶನಿವಾರ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಒಂಬತ್ತು ನ್ಯಾಯಮೂರ್ತಿಗಳನ್ನು ಮತ್ತೆ ತರಾಟೆಗೆ ತೆಗೆದುಕೊಂಡಿದ್ದೆ. ಅದಿತಿ ಲ್ಯಾಪ್‌ಟಾಪು ಮುಚ್ಚಿ ಕನ್ನಡಕ್ಕೆ ತಿರುಗಿದಳು. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

"ತಾತ, ಅಜ್ಜಿ ಕಣ್ಣಿನ ಆಪರೇಷನ್ ಆದಾಗ ಸತ್ಸಂಗಕ್ಕೆ ನಾವು ಲಾಡು ತಗೊಂಡು ಹೋದ್ವಲ್ಲ. ಅದು ಯಾವ ಅಂಗಡಿದು?"

ಆ ವಾರ ನೈವೇದ್ಯದ ಸರದಿ ನಮ್ಮ ಮನೆಯದು. ಜಾನಕಿ ಒಲೆಯ ಹತ್ತಿರ ಹೋಗುವಂತಿರಲಿಲ್ಲ. ನನಗೆ ಒಲೆಯ ಪರಿಚಯವಿಲ್ಲ. ಅದಿತಿಯ ಕಾರಿನಲ್ಲಿ ಅದೇ ಅಂಗಡಿಗೆ ಹೋಗಿ ಲಾಡು ತಂದು, ನಮ್ಮ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಒಯ್ದಿದ್ದೆ. ನಿಯಮದ ಆತ್ಮ ಶ್ರದ್ಧೆ, ಒಲೆ ಬರಿಯ ಸಾಧನ ಎಂದು ದಾರಿಯುದ್ದಕ್ಕೂ ಅವಳಿಗೆ ಬೋಧಿಸಿದ್ದೂ ನೆನಪಾಯಿತು. ಸಭೆಯಲ್ಲಿ ಮಾತ್ರ ಆ ಬೋಧನೆಯನ್ನು ಮಾಡಿರಲಿಲ್ಲ. ಅದು ಆಪದ್ಧರ್ಮ, ಅದರ ನ್ಯಾಯವೇ ಬೇರೆ ಎಂದು ಗಂಭೀರವಾಗಿ ಹೇಳಿದೆ.

"ಹೆಂಡ್ತಿ ಸತ್ತೋಗಿರೋದು ಆಪತ್ತಲ್ವಾ ತಾತ?"

ನಾನು ಎದ್ದು ಒಳಗೆ ಹೋದೆ. ನನ್ನ ಉದಾಹರಣೆಯನ್ನು ಪ್ರಬಂಧದಲ್ಲಿ ಬಳಸಬಹುದೇ, ಹೆಸರು ಹಾಕುವುದಿಲ್ಲ ಎಂದು ಅವಳು ಬೆನ್ನ ಹಿಂದಿನಿಂದ ಕೇಳಿದಳು. ಆ ಕ್ಷಣದಲ್ಲಿ ಒಂಬತ್ತು ಜನರ ಮೇಲಿದ್ದ ಸಿಟ್ಟೆಲ್ಲ ಒಟ್ಟಾಗಿ ಅವಳೊಬ್ಬಳ ಮೇಲೆ ಬಂತು.

ಸೋಮವಾರ ಟ್ರಾಮು ಹತ್ತಿ ಗ್ಲೆನೆಲ್ಗಿಗೆ ಹೊರಟೆ. ಕ್ಷಮೆ ಕೇಳಲು ಹೋದೆನೆಂದು ಭಾವಿಸಬೇಡಿ. ಆಪದ್ಧರ್ಮಕ್ಕೂ ಸಾಮಾನ್ಯಧರ್ಮಕ್ಕೂ ಇರುವ ಭೇದವನ್ನು ರಾಯರಿಗೆ ವಿಶದಪಡಿಸಿ ಮತ್ತೆ ಸತ್ಸಂಗಕ್ಕೆ ಕರೆತರುವುದು ನನ್ನ ಉದ್ದೇಶವಾಗಿತ್ತು. ದಾರಿಯಲ್ಲಿ ಮೂರು ಯುಕ್ತಿಗಳನ್ನು ಸಿದ್ಧಪಡಿಸಿಕೊಂಡೆ. ರಾಯರು ಬಾಗಿಲು ತೆರೆದು, ಬನ್ನಿ ಶಾಸ್ತ್ರಿಗಳೇ ಎಂದು ಹಿಂದಿನಂತೆಯೇ ಆದರಿಸಿ, ಕಾಫಿ ಬೆರೆಸಲು ಒಳಗೆ ಹೋದರು. ಅವರ ಕಪಾಟಿನಲ್ಲಿ ಗಣಿಗಳಿಂದ ತಂದ ಕಲ್ಲುಗಳು ಸಾಲಾಗಿದ್ದವು: ಕೆಂಪು ಅದಿರು, ಕರಿಯದು, ಹಸಿರು ಗೆರೆಯದು. ಕೊನೆಯಲ್ಲೊಂದು ಬೆಳ್ಳನೆಯ ಚೌಕದ ಕಲ್ಲು. ಮಾತಿಗೆ ಪೀಠಿಕೆಯಾಗಲೆಂದು, ಇದು ಯಾವ ಜಾತಿಯ ಶಿಲೆ ಎಂದು ಕೇಳಿದೆ.

"ಅದು ಕೊಬ್ಬರಿ ಮಿಠಾಯಿ. ಕಮಲ ಬರೆದಿಟ್ಟಿದ್ದ ಚೀಟಿ ನೋಡ್ಕೊಂಡು ನಾನೇ ಮಾಡಿದ್ದು. ಇಷ್ಟು ವರ್ಷ ಕಲ್ಲು ನೋಡಿದೀನಿ, ಅಂಥದ್ದು ನೋಡಿರ್ಲಿಲ್ಲ," ಎಂದರು. "ಅದನ್ನೇ ತಂದಿದ್ರೆ ನಿಮ್ಮ ನಿಯಮಕ್ಕೆ ಸರಿಹೋಗ್ತಿತ್ತು. ದೇವರ ಹಲ್ಲು ಮುರೀತಿತ್ತು, ಅಷ್ಟೆ."

ನನ್ನ ಮೊದಲನೆಯ ಯುಕ್ತಿ ಅಲ್ಲಿಗೆ ಬಿತ್ತು. ಹಾಗಾದರೆ ನಿಯಮ ಗೊತ್ತಿದ್ದೂ ಅಂಗಡಿಯದನ್ನು ತಂದಿರಲ್ಲ ಎಂದು ಮೆಲ್ಲಗೆ ಕೇಳಿದೆ. ರಾಯರು ಕಾಫಿಯ ಲೋಟಗಳನ್ನು ತಂದು ಮುಂದಿಟ್ಟು ಕುಳಿತರು.

"ಆ ಅಂಗಡಿ ಲಾಡು ನಾನು ವಾರಾ ವಾರಾ ತಿಂತೀನಿ ಶಾಸ್ತ್ರಿಗಳೇ. ಒಂದೊಂದರಲ್ಲೂ ಒಂದು ಇಡೀ ಲವಂಗ ಇರುತ್ತೆ. ನಿಮ್ಮ ಬೆಳ್ಳಿ ತಟ್ಟೇಲಿ ಅದನ್ನ ನೋಡಿದಾಗ, ಓಹೋ, ಓದಿಕೊಂಡವರೇ ಇಟ್ಟಿದಾರೆ ಅಂದ್ರೆ ದೋಷ ಇಲ್ಲ ಅಂತ ಧೈರ್ಯ ಬಂತು."

ಅಂದು ಸಭೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದೆ. ಕೇಳಬಾರದಿತ್ತು.

"ಅಷ್ಟು ಜನರ ಮುಂದೆ ಹೇಗೆ ಹೇಳೋದು?"

ನಾನು ಅಷ್ಟೇ ಜನರ ಮುಂದೆ ಓದಿದ್ದೆ. ಉಳಿದೆರಡು ಯುಕ್ತಿಗಳು ಏನಾಗಿದ್ದವೆಂಬುದೇ ಈಗ ನೆನಪಿಲ್ಲ. ವಯಸ್ಸಿನಲ್ಲಿ ಆರು ವರ್ಷ ಕಿರಿಯರಾದ ಅವರಿಗೆ ನಾನು ಕೈ ಮುಗಿದೆ. ಅವರು ಎದ್ದು ನಿಂತು ನನ್ನ ಕೈಗಳನ್ನು ಬಿಡಿಸಿ, ಅದರಲ್ಲಿ ಕಾಫಿಯ ಲೋಟ ಇಟ್ಟರು. ಅಮೆರಿಕದ ಸಂವಿಧಾನ ಬರೆದ ಮಹನೀಯರು ಕಾಲವಾಗಿ ಪುಣ್ಯ ಕಟ್ಟಿಕೊಂಡರು. ಬರೆದವನೇ ಬದುಕಿದ್ದು, ಅವನೇ ಪೀಠದಲ್ಲಿ ಕುಳಿತು, ಸಾಲದ್ದಕ್ಕೆ ಅವನ ಮನೆಗೂ ನೈವೇದ್ಯದ ಸರದಿ ಬಂದರೆ ಏನಾಗುತ್ತದೆಂಬುದನ್ನು ಅವರು ನೋಡಬೇಕಾಗಲಿಲ್ಲ.

ಮರುವಾರ ಲಾಡಿನ ಸಂಗತಿಯನ್ನು ಮೂವತ್ತು ಜನರ ಮುಂದೆ ನಾನೇ ಒಪ್ಪಿಕೊಂಡೆ. ಯಾರೂ ಬೆರಗಾಗಲಿಲ್ಲ, ಲವಂಗವನ್ನು ಎಲ್ಲರೂ ಗುರುತಿಸಿದ್ದರಂತೆ. ನಾಲ್ಕನೆಯ ನಿಯಮ ಕೈ ಎತ್ತುವ ಮೂಲಕ ತಿದ್ದುಪಡಿಯಾಯಿತು. ಕಮಲಮ್ಮನ ಹೆಸರಿನ ಕೊಬ್ಬರಿ ಮಿಠಾಯಿ, ಅಂಗಡಿಯ ಡಬ್ಬಿಯ ಸಮೇತ, ದೇವರ ಮುಂದೆ ಕುಳಿತಿತು. ಹನ್ನೆರಡನೆಯ ನಿಯಮದ ಅಧಿಕಾರವನ್ನು ಬಿಟ್ಟುಕೊಟ್ಟು, ಇನ್ನು ಮುಂದೆ ಸಂದೇಹಗಳನ್ನು ಶ್ರೀಪತಿರಾಯರೇ ನಿರ್ಣಯಿಸಲಿ ಎಂದು ನಾನೇ ಸೂಚಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳಬೇಕು. ಹಾಗೆ ಸೂಚಿಸುವಾಗ ನನ್ನ ಮನಸ್ಸಿನ ಮೂಲೆಯಲ್ಲಿ, ನೇಮಿಸಿದವನನ್ನು ಅವರು ಮರೆಯಲಾರರು ಎಂಬ ಒಂದು ನೆಮ್ಮದಿಯಿತ್ತು.

ಅದೇ ದಿನ ಉಪನ್ಯಾಸಕ್ಕೆ ಕುಳಿತು ಗಣಪತಿ, ಸರಸ್ವತಿ, ಗುರುಪರಂಪರೆ ಎಂದು ಸ್ತುತಿ ಮುಗಿಸಿ ವಿಷಯಕ್ಕೆ ಬಂದು ಐದು ನಿಮಿಷವಾಗಿತ್ತೋ ಇಲ್ಲವೋ, ಕೊನೆಯ ಸಾಲಿನಿಂದ ಪೂಜೆಯ ಗಂಟೆಯ ಸದ್ದು ಬಂತು. ಸ್ತುತಿಯೂ ಉಪನ್ಯಾಸದ ಅಂಗವೇ, ಇಪ್ಪತ್ತು ನಿಮಿಷ ಮುಗಿಯಿತು ಎಂದು ರಾಯರು ಸೌಮ್ಯವಾಗಿ ತೀರ್ಪಿತ್ತರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. "ಅದಕ್ಕೇ ಅಲ್ವೇನ್ರೀ ಅವರನ್ನ ಕೂರ್ಸಿದ್ದು?" ಎಂದು ಜಾನಕಿ ಕೇಳಿದಳು. ತಾವೇ ಆರಿಸಿದ ನ್ಯಾಯಮೂರ್ತಿಗಳಿಂದ ಅಮೆರಿಕದ ಅಧ್ಯಕ್ಷರಿಗೂ ಆಗಾಗ ಇಂಥ ನಿರಾಶೆ ಆದದ್ದುಂಟು ಎಂದು ಅದಿತಿ ಕಾರು ಓಡಿಸುತ್ತಲೇ ಸಮಾಧಾನ ಹೇಳಿದಳು. ಅವಳ ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು. ಅದರಲ್ಲಿ ಬರುವ ಹೆಸರಿಲ್ಲದ ಮುದುಕನ ಪ್ರಸಂಗವನ್ನು ಅವಳ ಗುರುಗಳು ವಿಶೇಷವಾಗಿ ಮೆಚ್ಚಿದರಂತೆ.

ಈ ಪ್ರಸಂಗದಲ್ಲಿ ಪಾಲ್ಗೊಂಡ ಎಲ್ಲರಿಗೂ ಒಳಿತಾಗಲಿ. ಸುಳ್ಳು ಹೇಳದ ರಾಯರಿಗೆ ಆಯುರಾರೋಗ್ಯ ದೊರೆಯಲಿ, ಕಮಲಮ್ಮನಿಗೆ ಸದ್ಗತಿಯಾಗಲಿ, ಅದಿತಿಯ ನಾಲಿಗೆ ಮುಂದೊಂದು ದಿನ ನಿರ್ದೋಷಿಗಳ ಪರವಾಗಿ ಹರಿತವಾಗಲಿ, ಜಾನಕಿಯ ಕಣ್ಣು ನಿರ್ಮಲವಾಗಿರಲಿ, ಲಾಡು ಕಟ್ಟಿದ ಕೈಗಳು ತಣ್ಣಗಿರಲಿ. ಸಮುದ್ರದಾಚೆಯ ಆ ಒಂಬತ್ತು ಜನರಿಗೂ ಭಗವಂತ ಸದ್ಬುದ್ಧಿ ಕೊಡಲಿ; ಅವರಿಗೆ ಕೊಟ್ಟು ಉಳಿದರೆ ಪ್ರಾಸ್ಪೆಕ್ಟಿಗೂ ಸ್ವಲ್ಪ ಕಳಿಸಲಿ. ಈ ಆಶೀರ್ವಾದವನ್ನೂ ಪ್ರಬಂಧದ ಉದ್ದಕ್ಕೆ ಸೇರಿಸಿ ಎಣಿಸಬಾರದೆಂಬುದು ನನ್ನ ವ್ಯಾಖ್ಯಾನ. ರಾಯರು ಎಣಿಸುತ್ತಾರೆ.