ಕಿರ್ರೆನ್ನುವ ಚೈನು

ಔರಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಪ್ರಭುದಾಸ ಮಾಸ್ತರರಿಗೆ ಘರ್ಷಣೆಯ ಪಾಠ ಬಾಯಿಪಾಠ. ಅಂಥವರ ಹೆಂಡತಿಯ ಸೈಕಲ್ಲೇ ಬೀದರಿನ ಮೈಲೂರು ಬಡಾವಣೆಯ ಓಣಿ ತುಂಬ ಕಿರ್ರ್ ಕಿರ್ರ್ ಎನ್ನುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ! ಹೋದ ವರ್ಷ ಮಾಸ್ತರರು ಎದೆನೋವಿನಿಂದ ಮಲಗಿದಾಗ ನರ್ಸ್ ಆಗಿದ್ದ ಹೆಂಡತಿ ರೂತಮ್ಮ ದವಾಖಾನೆಯ ಕೆಲಸ ಮುಗಿಸಿ ಬಂದು ಇವರ ಹಾಸಿಗೆಯ ಪಕ್ಕವೂ ಕೂತಿದ್ದಳು. ಆ ಋಣಕ್ಕೆ ಏನಾದರೂ ಮಾಡಲೇಬೇಕಿತ್ತು.

"ನಾಳಿಂದ ನಿನ್ನ ಸೈಕಲ್ ಹೂವಿನಂಗ ಹೋಗ್ತದ ನೋಡು," ಎಂದು ಘೋಷಿಸಿದರು.

"ಬ್ಯಾಡ್ರಿ, ಇದ್ದಂಗೇ ಇರ್ಲಿ," ಎಂದಳು ರೂತಮ್ಮ. ಮಾಸ್ತರರು ಅದನ್ನು ಸಂಕೋಚವೆಂದು ತಿಳಿದರು.

ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಧಾರಾಳವಾಗಿ ಸುರಿದರು. ಬೀದರಿನ ಡಿಸೆಂಬರ್ ಚಳಿಗೆ ಬೆಳಗಾಗುವಷ್ಟರಲ್ಲಿ ಅದು ಚೈನಿನ ಮೇಲೆ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿತ್ತು. ರೂತಮ್ಮ ಸೈಕಲ್ ಬಿಟ್ಟು ನಡೆದೇ ಡ್ಯೂಟಿಗೆ ಹೋದಳು.

ಬಟ್ಟೆ ಹೊಲಿಯುವ ಅಜೀಜಾ ಬೇಗಂ ಪಕ್ಕದ ಮನೆಯಿಂದ ಗೋಡೆಯ ಮೇಲಿಂದ ಇಣುಕಿದರು. "ಮಾಸ್ತರ್ ಸಾಬ್, ಚೈನಿಗಿ ತಲಿ ಎಣ್ಣಿ ಹಚ್ಚೀರಿ. ಜಡಿ ಹಾಕೋದೊಂದು ಬಾಕಿ ಅದ ನೋಡ್ರಿ." ನಕ್ಕು ಮುಗಿದ ಮೇಲೆ ಹೊಲಿಗೆ ಮಷಿನ್ನಿನ ಎಣ್ಣೆಯ ಡಬ್ಬಿ ಕೊಟ್ಟರು.

ಮಾಸ್ತರರು ಹಳೇ ಬನಿಯನ್ನಿನಿಂದ ಚೈನು ಉಜ್ಜಿದರು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಕೊಂಡಿಕೊಂಡಿಗೂ ಹನಿ ಬಿಟ್ಟರು, ಹೆಚ್ಚಾದದ್ದನ್ನು ಒರೆಸಿದರು. ಪೆಡಲ್ ತಿರುಗಿಸಿದರೆ ಚೈನು ಪಿಟ್ಟೆನ್ನಲಿಲ್ಲ. ವಿಜ್ಞಾನಕ್ಕೆ ಜಯವಾಗಿತ್ತು!

ಮರುದಿನ ರೂತಮ್ಮ ಅದೇ ಸೈಕಲ್ಲೇರಿ ಹೋದಳು. ಡಾಕ್ಟರು ಕರಿದದ್ದನ್ನು ಮುಟ್ಟಬೇಡಿ ಎಂದಿದ್ದರೂ ಮಾಸ್ತರರು ಸಂಜೆ ಎಂದಿನಂತೆ ಕದ್ದುಮುಚ್ಚಿ ತಂದ ಮಿರ್ಚಿ ಬಜಿಯ ಪೊಟ್ಟಣ ಬಿಚ್ಚಿದರು. ದಿನವೂ ಒಂದು ಮುಗಿಯುವಷ್ಟರಲ್ಲಿ ಓಣಿಯ ತುದಿಯಲ್ಲಿ ಕಿರ್ರೆನ್ನುತ್ತಿತ್ತು, ಉಳಿದದ್ದು ಗೋಡೆ ದಾಟಿ ಅಜೀಜಾ ಬೇಗಂ ಮನೆ ಸೇರುತ್ತಿತ್ತು. ಇವತ್ತು ಓಣಿಯೆಲ್ಲ ನಿಶ್ಶಬ್ದ. ಎರಡನೆಯದೂ ಮುಗಿಯಿತು, ಮೂರನೆಯದೂ. ನಾಲ್ಕನೆಯದು ಬಾಯಲ್ಲಿದ್ದಾಗ ಎದುರಿಗೆ ರೂತಮ್ಮ ನಿಂತಿದ್ದಳು.

"ಸೈಕಲ್ ಹೂವಿನಂಗ ಬಂತ್ರಿ."

"ನೀ ಬಂದದ್ದು ಗೊತ್ತೇ ಆಗ್ಲಿಲ್ಲ..."

"ಗೊತ್ತಾಗ್ಲಿ ಅಂತನೇ ಇಷ್ಟ್ ದಿನ ಎಣ್ಣಿ ಹಚ್ಚಿರ್ಲಿಲ್ರಿ. ಎರಡನೇ ಬಜಿ ನಿಮ್ಮ ಬಾಯಿಗಿ ಹೋಗಬಾರದಂತ ಓಣಿ ತುದಿಯಿಂದ ಜೋರ್ ತುಳೀತಿದ್ನಿ."

ಮಾಸ್ತರರ ಕಣ್ಣು ತುಂಬಿತು. ಮೆಣಸಿನಕಾಯಿಯ ಖಾರವೆಂದು ಹೇಳಬಹುದಿತ್ತು, ಹೇಳಲಿಲ್ಲ. ಇಂಥವಳನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಸ್ತೋತ್ರ ಹೇಳಿ, ಪೊಟ್ಟಣವನ್ನು ಅವಳ ಕೈಗಿತ್ತರು.

"ನಾಳಿಂದ ಗಂಟಿ ಬಾರಿಸ್ಕೋತ ಬಾ, ರೂತ."

"ಗಂಟಿ ಯಾಕ್ರಿ? ನಾಳಿಂದ ಬಜಿ ನಾನೇ ತರ್ತೇನಿ," ಎಂದಳು ಅವಳು. "ಒಂದು. ಅದರಾಗ ಅರ್ಧ ನಂದು."