ಸಿದ್ಧಾರೂಢನ ಇಂಗ್ಲಿಷ್ ಪೇಟಿ

ಕಾರ್ಯಕ್ರಮ ಇಟ್ಟುಕೊಂಡಿದ್ದ ಕಿತ್ತೂರಿನ ಸುಭಾಸ ಮಾಸ್ತರರು ಕೇಳಿದ್ದು ಬರೀ ಅರ್ಧ ಹಾಳೆ. "ನಿಮ್ಮ ಕಲಾವಿದರ ಸಂಗೀತದ ಹಿನ್ನೆಲಿ ಬರಕೊಂಡು ಬರ್ರಿ. ಅದನ್ನ ಓದಿದ ಮ್ಯಾಲೇ ಕಾರ್ಯಕ್ರಮ" ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಿದ್ದರು. ಆ ಅರ್ಧ ಹಾಳೆ ಮುಂದಿಟ್ಟುಕೊಂಡು ಬೈಲಹೊಂಗಲದ ಹತ್ತಿ ಜಿನ್ನಿನ ಗುಮಾಸ್ತ ಸಿದ್ಧಾರೂಢ ಬೆಳಗಿನಿಂದ ಹಾಲಿನ ಬೋಗುಣಿಯ ಹಾಗೆ ಉಕ್ಕಿ ಉಕ್ಕಿ ಇಳಿಯುತ್ತಿದ್ದ.

ಅವನ ಹಿನ್ನೆಲೆ ಊರಿಗೆಲ್ಲ ಗೊತ್ತಿತ್ತು. ಅದೇ ಅವನ ಸಿಟ್ಟು. ಹದಿನೈದು ವರ್ಷದಿಂದ ಬೈಲಹೊಂಗಲದಲ್ಲಿ ಯಾರೇ ತೀರಿಕೊಳ್ಳಲಿ, ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿದ ಮೇಲೆ ಎದುರಿಗೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಭಜನೆಗೆ ಕೂರುವವನು ಅವನೇ. ಬೀಗರಿಗಿಂತ ಮೊದಲು ಅವನಿಗೆ ಸುದ್ದಿ ಮುಟ್ಟುತ್ತಿತ್ತು. ಪೇಟಿ ಹೊತ್ತು ಓಣಿಯಲ್ಲಿ ಹೊರಟರೆ ಹೆಂಗಸರು "ಯಾರಂತ?" ಎಂದು ಕೇಳುತ್ತಿದ್ದರು. ಬರಿಗೈಯಲ್ಲಿ ಹೊರಟರೂ ಕೇಳುತ್ತಿದ್ದರು. ಜ್ವರ ಬಂದು ಮಲಗಿದ ದೊಡ್ಡಪ್ಪನನ್ನು ನೋಡಲು ಹೋದರೆ ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿ, "ಇನ್ನೂ ಟೈಮ್ ಐತಿ, ಹೋಗೋ" ಎಂದಿದ್ದ. ಮಣ್ಣು ಕೊಡುವ ಮನೆಗಳಿಂದಲೇ ಅವನಿಗೆ ಹೆಸರೂ ಬಿದ್ದಿತ್ತು: ಮಣ್ಣಿನ ಪೇಟಿ.

ಈ ಹೆಸರನ್ನು ತೊಳೆದುಕೊಳ್ಳಲೆಂದೇ ೧೯೯೮ರಲ್ಲಿ ಅವನು ಕೀಬೋರ್ಡು ಕೊಂಡು ತಂಡ ಕಟ್ಟಿದ. ಇಂಗ್ಲೆಂಡಿನ ರಾಕ್ ತಂಡವೊಂದು ಇಪ್ಪತ್ತೈದು ವರ್ಷದ ಹಿಂದೆ ಹಾಡಿದ್ದನ್ನು ಸ್ವರ ತಪ್ಪದಂತೆ ಬಾರಿಸುವ ತಂಡ. ಒಂದೊಂದು ಹಾಡು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ. ಏಳು ಮಾತ್ರೆಯಲ್ಲಿ ಹೊರಟ ತಾಳ ಹೇಳದೆ ಕೇಳದೆ ಹನ್ನೊಂದಕ್ಕೆ ಹಾರುತ್ತಿತ್ತು. ಇಂದು ಸಂಜೆ ಕಿತ್ತೂರಿನಲ್ಲಿ ಮೊದಲ ಕಾರ್ಯಕ್ರಮ. ಅಲ್ಲಿ ಅವನನ್ನು ಬಲ್ಲವರಿಲ್ಲ. ಒಂದು ಸಂಜೆ, ಒಂದೇ ಒಂದು ಸಂಜೆ, ತನ್ನನ್ನು ನೋಡಿದ ಜನಕ್ಕೆ ಸತ್ತವರ ನೆನಪಾಗಬಾರದು. ಅವನು ಕೇಳಿಕೊಂಡದ್ದು ಅಷ್ಟೇ.

ಬಾಡಿಗೆಯ ಟ್ರ್ಯಾಕ್ಸ್ ಜೀಪು ಊರು ದಾಟಿದ ಮೇಲೆ ಸಿದ್ಧಾರೂಢ ಹಾಳೆ ಬಿಚ್ಚಿ, ತಂಡದ ಮೂವರಿಗೂ ಕೇಳುವಂತೆ ಓದಿದ. "ಖಾಸಿಮಸಾಬ: ಪಾಶ್ಚಾತ್ಯ ಸುಷಿರ ವಾದ್ಯದಲ್ಲಿ ಪರಿಣತರು."

ಖಾಸಿಮಸಾಬ ಬೀಡಿ ಆರಿಸಿದ. ಮೂರು ತಲೆಮಾರಿನಿಂದ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿಯೊನೆಟ್ ಊದಿದ ಮನೆತನ ಅವನದು. "ಯಾವ ಖಾಸಿಮಸಾಬೋ ಇವ? ನಮ್ಮ ಅಬ್ಬಾನ ಬ್ಯಾಂಡ್ ಎಲ್ಲಿ ಹೋತು? ಮುನವಳ್ಳಿಯಿಂದ ದೇಗಾಂವತನಾ ನಾವು ಊದದ ಒಂದ ಮದಿವಿ ತೋರಸು. ಬ್ಯಾಂಡಿನ ಹೆಸರ ಬರಲಿಲ್ಲಂದ್ರ ನಾ ಬಾಯಿ ಹಚ್ಚಂಗಿಲ್ಲ."

"ರಾಕ್ ತಂಡದಾಗ ಮದಿವಿ ಬ್ಯಾಂಡ್ ಅಂದ್ರ ಮಂದಿ ನಗತಾರೋ ಮಾರಾಯಾ!"

"ಹಂಗಾರ ನಂದೂ ಹೊಡದ ಹಾಕು ಸಿದ್ಧಣ್ಣ" ಎಂದ ಪರಸಪ್ಪ. ಹಲಗಿ ಬಾರಿಸಿ ಬೆಳೆದವನು, ಈಗ ತಂಡದ ಡ್ರಮ್ಮಿನವನು. "'ಲಯವಾದ್ಯ ತಜ್ಞ' ಅಂತ ಬರದೀ. ನಮ್ಮವ್ವ ಕೇಳಿದ್ರ ಮಗಗ ಏನ ಜಡ್ಡು ಬಂತೋ ಅಂತ ಅಳಾಕ ಹತ್ತತಾಳ."

"ನನಗಂತೂ ಹಿನ್ನೆಲಿನ ಇಲ್ಲಣ್ಣ" ಎಂದ ಗಿಟಾರಿನ ಮಧು. ತಂಡದಲ್ಲಿ ಇಂಗ್ಲಿಷ್ ಹಾಡಿನ ಅರ್ಥ ಗೊತ್ತಿದ್ದವನು ಅವನೊಬ್ಬನೇ, ಕ್ಯಾಸೆಟ್ಟೂ ಅವನದೇ. "ಬೆಳಗಾವಿ ಹಾಸ್ಟೆಲ್ ಬಚ್ಚಲದಾಗ ಕಲತೇನಿ."

"ಹಿನ್ನೆಲಿ ಇಲ್ಲದವನ್ನ ನಮ್ಮ ಕಡೆ ವೇದಿಕಿ ಹತ್ತಸಂಗಿಲ್ಲಲೇ! 'ಬೆಳಗಾವಿ ಘರಾಣೆ' ಅಂತ ಬರದೇನಿ. ಬಾಯಿ ಮುಚ್ಚಕೊಂಡ ಹತ್ತು."

"ಅದೆಲ್ಲಾ ಇರಲಿ" ಎಂದ ಖಾಸಿಮಸಾಬ. "ನಿಂದೇನ ಬರದಿ?"

"ಸಿದ್ಧಾರೂಢ: ಬಾಲ್ಯದಿಂದಲೂ ಇಂಗ್ಲಿಷ್ ಸಂಗೀತದ ಆರಾಧಕರು."

ಮೂವರೂ ಒಟ್ಟಿಗೆ ಕಿಟಕಿಯ ಹೊರಗೆ ನೋಡತೊಡಗಿದರು. ಬೈದಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಸಭಾಭವನದಲ್ಲಿ ಮೊದಲು ಸನ್ಮಾನ ನಡೆಯಿತು. ಊರಿನ ಹಿರಿಯ, ತೊಂಬತ್ತೆರಡರ ಮಡಿವಾಳೆಪ್ಪ ಅಜ್ಜನನ್ನು ವೇದಿಕೆಯ ನಡುವೆ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಶಾಲು ಹೊದಿಸಿ, ಗದ್ದ ಮುಚ್ಚುವಷ್ಟು ಚೆಂಡುಹೂವಿನ ಹಾರ ಹಾಕಿದರು. ಮತ್ತೆ ಕೆಳಗಿಳಿಸುವುದು ತ್ರಾಸೆಂದು ಅಲ್ಲೇ ಬಿಟ್ಟರು. ಅಜ್ಜನ ಮುಂದೆ ಉಳಿದ ಜಾಗದಲ್ಲಿ ತಂಡ ಕೂತಿತು. ಕೀಬೋರ್ಡಿನ ಸ್ಟ್ಯಾಂಡು ಬೈಲಹೊಂಗಲದಲ್ಲೇ ಉಳಿದಿದ್ದರಿಂದ ಸಿದ್ಧಾರೂಢ ಹಲ್ಲು ಕಡಿಯುತ್ತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ.

ಸುಭಾಸ ಮಾಸ್ತರರು ಮೂವರ ಹಿನ್ನೆಲೆಯನ್ನು, ಕೊನೆಗೆ ಸೇರಿಸಬೇಕಾಗಿ ಬಂದ ಮದುವೆ ಬ್ಯಾಂಡಿನ ಹೆಸರಿನ ಸಮೇತ, ರಾಗವಾಗಿ ಓದಿದರು. ನಾಲ್ಕನೆಯದಕ್ಕೆ ಬಂದವರು ಕನ್ನಡಕ ತೆಗೆದರು.

"ಇದು ತಪ್ಪ ಐತಿ. ಇವರ ಹಿನ್ನೆಲಿ ನನಗ ಗೊತ್ತಿಲ್ಲೇನು? ನಾ ಬೈಲಹೊಂಗಲದ ಅಳಿಯ! ಊರಾಗ ಇವರಿಗೆ ಮಣ್ಣಿನ ಪೇಟಿ ಅಂತಾರ. ನಮ್ಮ ಮಾವ ಹೋದಾಗ ಇವರ ನೋಡ್ರಿ ಪೇಟಿ ಬಾರಸಿದ್ದು. ಏನ ಕೈ ಅದು! ಮಾವನ ಮುಖದಾಗ ಜೀವಾ ಇದ್ದಾಗೂ ಅಷ್ಟು ಕಳೆ ಇದ್ದಿದ್ದಿಲ್ಲ. ಜೋರಾಗಿ ಚಪ್ಪಾಳಿ ಹೊಡೀರಿ!"

ಹೊಡೆದರು. ಸಿದ್ಧಾರೂಢನ ಕಿವಿ ಕೆಂಪು ಮೆಣಸಿನಕಾಯಿಯಾದವು. ಆ ಸಿಟ್ಟಿನಲ್ಲೇ ಹಾಡು ಎತ್ತಿದ. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ಅವನು ಎಂದೂ ಬಾರಿಸಿರಲಿಲ್ಲ.

ಆರನೆಯ ನಿಮಿಷಕ್ಕೆ ಕ್ಲಾರಿಯೊನೆಟ್ಟಿನ ಸರದಿ ಬಂತು. ನಡೆಯುತ್ತಲೇ ಊದಿ ಬೆಳೆದವನಿಗೆ ನಿಂತು ಊದು ಎಂದರೆ ಉಸಿರೇ ಬರುವುದಿಲ್ಲ. ಜಿನ್ನಿನ ಗೋದಾಮಿನಲ್ಲಿ ತಾಲೀಮು ಮಾಡುವಾಗ ಖಾಸಿಮಸಾಬ ಹತ್ತಿಯ ಅಂಡಿಗೆಗಳ, ಆಳೆತ್ತರದ ಆ ಮೂಟೆಗಳ, ಸುತ್ತ ಸುತ್ತು ಹಾಕುತ್ತಿದ್ದ. ಇಲ್ಲಿ ಅಂಡಿಗೆಗಳಿರಲಿಲ್ಲ. ಕುರ್ಚಿಗಳ ನಡುವೆ ನೇರ ದಾರಿ ಇತ್ತು, ಅದರ ಕೊನೆಗೆ ಬಾಗಿಲಿತ್ತು. ಖಾಸಿಮಸಾಬ ಮೆಟ್ಟಿಲಿಳಿದು ಹೊರಟ. ಕ್ಲಾರಿಯೊನೆಟ್ ಹೊರಟ ಮೇಲೆ ಪರಸಪ್ಪನ ಕಾಲು ನಿಂತೀತೆ? ಸಣ್ಣ ಡ್ರಮ್ಮನ್ನು ಹೊಟ್ಟೆಗೆ ಅವಚಿಕೊಂಡು ಬೆನ್ನು ಹತ್ತಿದ. ಹನ್ನೊಂದು ಮಾತ್ರೆ ಬಾಗಿಲು ದಾಟುವುದರೊಳಗೆ ಮದುವೆಯ ನಡೆಗೆ ಇಳಿಯಿತು.

ಬ್ಯಾಂಡು ಎದ್ದ ಮೇಲೆ ಕೂತಿರುವ ರೂಢಿ ನಮ್ಮ ಜನಕ್ಕಿಲ್ಲ. ಸಾಲು ಸಾಲಾಗಿ ಎದ್ದರು, ಸೆರಗು ಟೋಪಿ ಸರಿಮಾಡಿಕೊಂಡು ಹಿಂದೆ ನಡೆದರು. "ಕರಕೊಂಡ ಬರತೇನಣ್ಣ" ಎಂದು ಗಿಟಾರಿನ ವಾಯರು ಕಿತ್ತು ಓಡಿದ ಮಧು, ಹೊರಗೆ ಕುಣಿಯುತ್ತಿದ್ದುದನ್ನು ಆಮೇಲೆ ನೋಡಿದವರಿದ್ದಾರೆ.

ಒಳಗೆ ಉಳಿದವರು ಇಬ್ಬರು. ಅಜ್ಜ ಯಾವಾಗಲೋ ನಿದ್ದೆ ಹೋಗಿದ್ದ, ಗದ್ದ ಹಾರದ ಮೇಲೆ. ಸಿದ್ಧಾರೂಢ ಮನಸ್ಸಿನಲ್ಲೇ ಮೂವರ ವಂಶ ಜಾಲಾಡುತ್ತಿದ್ದ. ಆದರೆ ಬೆರಳು ನಿಲ್ಲಲಿಲ್ಲ. ಹಿರಿಯರು ಯಾರಾದರೂ "ಸಾಕು" ಎನ್ನುವವರೆಗೆ ಪೇಟಿ ನಿಲ್ಲಿಸಬಾರದು. ಹದಿನೈದು ವರ್ಷದಿಂದ ಆ ಬೆರಳುಗಳು ಕಲಿತ ಪಾಠ ಅದು. ಹಾಡು ಈಗ ನಿಧಾನದ ಭಾಗಕ್ಕೆ ಬಂದು, ಕೀಬೋರ್ಡು ಗೊಗ್ಗರು ದನಿಯಲ್ಲಿ ಎಳೆದೆಳೆದು ನರಳುತ್ತಿತ್ತು.

ಅಪ್ಪನನ್ನು ಮನೆಗೆ ಕರೆದೊಯ್ಯಲು ಬಂದ ಅಜ್ಜನ ಮಗಳು ಶೆಟ್ಟೆವ್ವ ಬಾಗಿಲಲ್ಲಿ ನಿಂತು ನೋಡಿದಳು. ವಿಭೂತಿ, ಹಾರ, ಮುಚ್ಚಿದ ಕಣ್ಣು, ಎದುರಿಗೆ ನೆಲದ ಮೇಲೆ ಕೂತು ಒಬ್ಬ ಪೇಟಿ ಬಾರಿಸುತ್ತಿದ್ದಾನೆ. ಇನ್ನು ಬಾಯಿಬಿಟ್ಟು ಹೇಳುವುದೇನಿದೆ?

"ನನ್ನಪ್ಪಾ! ಹೇಳದ ಹೋದ್ಯಲ್ಲೋ!"

ಆ ಕೂಗಿಗೆ ಮೆರವಣಿಗೆ ಕುಣಿಯುವುದನ್ನು ಬಿಟ್ಟು ಒಳಗೆ ನುಗ್ಗಿತು. ಹೆಂಗಸರು ಶೆಟ್ಟೆವ್ವನ ಜೊತೆ ಅಳು ಎತ್ತಿದರು.

"ಏನೂ ಆಗಿಲ್ಲಬೇ ಎವ್ವಾ, ಮಲಗ್ಯಾರ!" ಎಂದು ಸಿದ್ಧಾರೂಢ ಕೂಗಿದ.

"ಹೌದಪ್ಪಾ" ಎಂದಳು ಶೆಟ್ಟೆವ್ವ ಮೂಗು ಒರೆಸಿಕೊಂಡು. "ಮಲಗಿದಂಗ ಅದಾನ ನೋಡು."

"ನಾಡಿಯರ ನೋಡ್ರಿ!"

"ಬೈಲಹೊಂಗಲದ ಮಣ್ಣಿನ ಪೇಟಿ ಬಂದು ಮುಂದ ಕುಂತೈತಿ" ಎಂದಿತು ಹಿಂದಿನಿಂದ ಒಂದು ದನಿ. "ಇನ್ನ ನಾಡಿ ಏನ ನೋಡತಿ?"

ಸುಭಾಸ ಮಾಸ್ತರರು ಊದಿನಕಡ್ಡಿ ತರಲು ಹೇಳಿದರು. ಸಿದ್ಧಾರೂಢನ ತಾಳ್ಮೆ ಹರಿಯಿತು. ಎರಡೂ ಮುಷ್ಟಿಯಿಂದ ಕೀಬೋರ್ಡಿಗೆ ಗುದ್ದಿದ. ಎಮ್ಮೆ ಬಾವಿಗೆ ಬಿದ್ದಂಥ ಸದ್ದೆದ್ದಿತು. ಮಡಿವಾಳೆಪ್ಪ ಅಜ್ಜ ಕಣ್ಣು ಬಿಟ್ಟ.

ಶೆಟ್ಟೆವ್ವನ ಅಳು ಅರ್ಧಕ್ಕೇ ನಿಂತಿತು. ಅಜ್ಜ ಅತ್ತವರನ್ನು ಒಬ್ಬೊಬ್ಬರನ್ನೇ ಎಣಿಸುವಂತೆ ನೋಡಿದ. ಮುಖದಲ್ಲಿ ತೃಪ್ತಿ ಕಂಡಿತು. "ಯಾವನೋ ಬಾರಸಾಕ ಹತ್ತಿದ್ದವ?"

"ನಾನರಿ. ಅದು ಭಜನಿ ಅಲ್ಲಜ್ಜಾ, ಇಂಗ್ಲಿಷ್ ರಾಕ್!"

"ಏನರ ಇರಲಿ. ತೊಂಬತ್ತೆರಡ ವರ್ಷದಾಗ ಇಂಥಾ ನಿದ್ದಿ ಬಂದಿದ್ದಿಲ್ಲ. ನಾ ಹೋದಾಗ ಇದನ್ನ ಬಾರಸಬೇಕು, ನೀನ ಬಾರಸಬೇಕು. ಆ ಕ್ಲಾರಿಯೊನೆಟ್ಟಿನವ ಮುಂದ ನಡೀಲಿ."

ಖಾಸಿಮಸಾಬ ಎದೆಯ ಮೇಲೆ ಕೈಯಿಟ್ಟು, "ಆಗಲಿ ಅಜ್ಜಾರ" ಎಂದ. ಪರಸಪ್ಪನೂ ತಲೆಯಾಡಿಸಿದ.

"ನಾ ಬರೂದಿಲ್ಲ!" ಸಿದ್ಧಾರೂಢ ಹಾರಾಡಿದ. "ಯಾರ ಸತ್ತರೂ ಬರೂದಿಲ್ಲ! ಇವತ್ತಿಗೆ ಮುಗೀತು!"

ಅಜ್ಜ ಶಾಲು ಸರಿಮಾಡಿಕೊಂಡು ಕುರ್ಚಿಯಲ್ಲಿ ಇನ್ನಷ್ಟು ಹಿಂದೆ ಸರಿದು ಕೂತ.

"ನೀ ಬರೂದಿಲ್ಲಂದ್ರ ನಾನೂ ಹೋಗೂದಿಲ್ಲ."

ಗುಂಪನ್ನು ಸರಿಸಿಕೊಂಡು ಅಜ್ಜನ ಹಿರಿಯ ಮಗ ಮುಂದೆ ಬಂದ. ಅವನಿಗೇ ಎಪ್ಪತ್ತು ದಾಟಿತ್ತು. ಇನ್ನೂ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಎಷ್ಟೆಂದು ಅಪ್ಪನನ್ನು ಕೇಳಿ ಹಾಕಿಕೊಳ್ಳುತ್ತಿದ್ದ. ಸಿದ್ಧಾರೂಢನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿದ್ದವು.

"ಅಣ್ಣಾರ, ದೊಡ್ಡ ಮನಸ್ಸ ಮಾಡ್ರಿ" ಎಂದ ಪಿಸುದನಿಯಲ್ಲಿ. "ಹೂಂ ಅನ್ರಿ."